ಮೊದಲು ಯಾರ ಕಾರ್ಡು

ಪೀಣ್ಯ
15 ಜೂನ್ 1995, ಗುರುವಾರ

ಹೆಬ್ಬಗೋಡಿಯಲ್ಲಿರುವ ಇವರಿಗೆ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಎಲ್ಲಿ ಒತ್ತು, ಎಲ್ಲಿ ದೀರ್ಘ ಎನ್ನುವುದು ಈಗಲೂ ಗೊತ್ತಾಗುವುದಿಲ್ಲ. ತಪ್ಪಿದ್ದ ಕಡೆ ನೀವೇ ತಿದ್ದಿಕೊಂಡು ಓದಿ. ಇಷ್ಟು ದಿನ ರೂಮಿನ ಲಕ್ಷ್ಮವ್ವನ ಕೈಲಿ ಬರೆಸುತ್ತಿದ್ದೆ. ಈ ಸಲದ ಸಂಗತಿಯನ್ನು ಅವಳ ಕೈಲಿ ಬರೆಸಲು ನಾಚಿಕೆಯಾಯಿತು. ಲಕೋಟೆಯ ಮೇಲೆ ಮಾತ್ರ ನಿಮ್ಮ ಹೆಸರನ್ನು ಅವಳೇ ಬರೆಯುತ್ತಾಳೆ. ಅದೊಂದು ನನ್ನ ಕೈಲಿ ಬರುವುದಿಲ್ಲ, ನಿಮಗೆ ಗೊತ್ತು.

ಇವತ್ತು ನಮ್ಮ ಫ್ಯಾಕ್ಟರಿಗೆ ವಾರದ ರಜೆಯಲ್ಲವೇ. ಬೆಳಿಗ್ಗೆ ಇ.ಎಸ್.ಐ. ಡಿಸ್ಪೆನ್ಸರಿಗೆ ಹೋಗಿದ್ದೆ. ತಲೆ ಸುತ್ತು ಎಂದು ಹೇಳಿದೆ. ಡಾಕ್ಟರಮ್ಮ ನೋಡಿ, ಎರಡು ತಿಂಗಳು ತುಂಬಿದೆ ಎಂದರು. ಚೀಟಿ ಬರೆಯುವಾಗ ತಲೆಯೆತ್ತದೆ, ಹೆರಿಗೆಗೆ ತವರಿಗೆ ಹೋಗುತ್ತೀಯಾ, ಇಲ್ಲೇ ಇರುತ್ತೀಯಾ ಎಂದು ಕೇಳಿದರು. ಅವರೇ 'ಇಲ್ಲೇ' ಎಂದು ಬರೆದುಕೊಂಡರು.

ನಮ್ಮ ಮದುವೆಗೆ ಎರಡು ಕಡೆಯವರೂ ಬರಲಿಲ್ಲ. ಈಗಲೂ ಬರುವುದಿಲ್ಲ. ಅದಕ್ಕೆ ಡಿಸ್ಪೆನ್ಸರಿಯ ಕಾರ್ಡನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ,
ವೇಣಿ


ಹೆಬ್ಬಗೋಡಿ
25 ಜೂನ್ 1995, ಭಾನುವಾರ

ವೇಣಿ,

ನಿನ್ನ ಕಾಗದ ಮಂಗಳವಾರ ಬಂತು. ಅವತ್ತಿನಿಂದ ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ರೂಮಿನಲ್ಲಿ ನಾವು ನಾಲ್ಕು ಜನ ಅಲ್ಲವೇ, ಓದಲು ನೀರಿನ ಟ್ಯಾಂಕಿನ ಹಿಂದೆ ಹೋಗಿ ನಿಲ್ಲಬೇಕು. ನಿನ್ನ ಅಕ್ಷರ ಚೆನ್ನಾಗಿದೆ. ಲಕ್ಷ್ಮವ್ವನ ಅಕ್ಷರಕ್ಕಿಂತ ಇದೇ ಚೆನ್ನ. ರಿಜಿಸ್ಟ್ರಾರ್ ಆಫೀಸಿನಲ್ಲಿ 'ಗಂಡನ ಹೆಸರು ಹೇಳಮ್ಮ' ಎಂದು ಅವರು ಮೂರು ಸಲ ಕೇಳಿದ ಮೇಲೆ ನೀನು ಬಾಯಿ ಬಿಟ್ಟೆ. ಅವತ್ತು ಹೇಳಿದ್ದೇ ಕೊನೆ. ಇನ್ನು ಆ ಮಗು ಬಂದು ಹೇಳಿಸಬೇಕು.

ನಮ್ಮ ಕಂಪನಿಯ ಶ್ಯಾಮಣ್ಣನವರ ಹತ್ತಿರ ಮಾತಾಡಿದೆ. ಅವರು ಪರ್ಸನೆಲ್ ಸೆಕ್ಷನ್ನಿನವರು, ಒಳ್ಳೆಯವರು. ನನ್ನ ಸಂಬಳ ಇ.ಎಸ್.ಐ. ಮಿತಿ ದಾಟಿದ್ದಕ್ಕೆ ಕಂಪನಿಯೇ ಇನ್ಶೂರೆನ್ಸ್ ಮಾಡಿಸಿದೆಯಲ್ಲ, ಅದರಲ್ಲಿ ಹೆಂಡತಿಯ ಹೆರಿಗೆಯೂ ಸೇರಿದೆಯಂತೆ. ಹೊಸೂರು ರಸ್ತೆಯಲ್ಲೇ ಒಂದು ನರ್ಸಿಂಗ್ ಹೋಮ್ ಇದೆ, ಬಿಲ್ಲು ಕಂಪನಿಗೆ ಹೋಗುತ್ತದೆ. ಆದರೆ ನಿನಗೆ ನಿನ್ನದೇ ಇ.ಎಸ್.ಐ. ಇದೆ ಎಂದಾಗ ಅವರು ಪೆನ್ನು ಕೆಳಗಿಟ್ಟರು. 'ಹಂಗಾದ್ರೆ ಮೊದಲು ಯಾರ ಕಾರ್ಡು ಅಂತ ತೀರ್ಮಾನ ಆಗ್ಬೇಕಲ್ಲಪ್ಪಾ. ಒಂದೇ ಹೆರಿಗೆಗೆ ಎರಡು ಕಡೆ ಕೈ ಚಾಚಿದ್ರೆ ನಾಳೆ ನನ್ನ ಕೇಳ್ತಾರೆ' ಎಂದರು. ನಿನ್ನ ಕಾರ್ಡು ತಂದು ತೋರಿಸಬೇಕಂತೆ.

ನನಗೆ ಅನ್ನಿಸುವುದು ಇಷ್ಟು. ನೀನು ಈ ಕಡೆ ಬಂದುಬಿಡು. ಚಂದಾಪುರದಲ್ಲಿ ಬಾಡಿಗೆ ಕಡಿಮೆ. ಒಂದು ಕೋಣೆ ಹಿಡಿಯೋಣ. ಮದುವೆಯಾಗಿ ಎಂಟು ತಿಂಗಳಾಯಿತು, ನಮ್ಮದು ಎನ್ನುವ ಒಂದು ಒಲೆ ಇಲ್ಲ. ಯೋಚನೆ ಮಾಡು.

ಇತಿ,
ರುದ್ರೇಶ್


ಪೀಣ್ಯ
6 ಜುಲೈ 1995, ಗುರುವಾರ

ಇವರಿಗೆ,

ನಾನೂ ನಮ್ಮ ಟೈಂ ಆಫೀಸಿನಲ್ಲಿ ಕೇಳಿದೆ. ಕೇಳುವುದಕ್ಕೆ ಎರಡು ದಿನ ಬೇಕಾಯಿತು. ಮೊದಲ ದಿನ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಅಲ್ಲಿರುವ ಹೇಮಲತಾ ಮೇಡಂ ಜೋರು ಬಾಯಿಯವರು, ಮನಸ್ಸು ಹಾಗಲ್ಲ. 'ಅಯ್ಯೋ ಹುಡುಗಿ, ಗಂಡನ ಕಂಪನಿ ಕೊಡತ್ತೆ ಅಂದ್ರೆ ಅಲ್ಲಿ ತಗೊಳೇ. ಇಲ್ಲಿ ರಜದ ಸಂಬಳ ಮಾತ್ರ ತಗೋ. ಎರಡೂ ಇರೋರು ನಮ್ಮ ಬ್ಯಾಚಲ್ಲಿ ನೀನೊಬ್ಬಳೇ ಕಣೇ' ಎಂದರು. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಆಮೇಲೆ, ಅವರಿಗೂ ನಿಮ್ಮ ಕಂಪನಿಯ ಕಾರ್ಡು ನೋಡಬೇಕಂತೆ.

ನಿಮ್ಮವರು ಮೊದಲು ನಮ್ಮದು ಎನ್ನುತ್ತಾರೆ. ನಮ್ಮವರು ಮೊದಲು ನಿಮ್ಮದು ಎನ್ನುತ್ತಾರೆ. ಇಬ್ಬರೂ ಮರ್ಯಾದೆಯಿಂದಲೇ ಹೇಳುತ್ತಾರೆ. ಮದುವೆ ಊಟದಲ್ಲಿ ನೀವು ಮೊದಲು ಕೂತುಕೊಳ್ಳಿ, ನೀವು ಮೊದಲು ಎಂದು ಇಬ್ಬರು ಬೀಗರು ಎಲೆಯ ಮುಂದೆ ನಿಂತೇ ಇರುವ ಹಾಗಾಯಿತು.

ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸುವುದು ಬೇಡ, ಕಳೆದು ಹೋದರೆ ಕಷ್ಟ. 17ನೇ ತಾರೀಖು ಸೋಮವಾರ ನೀವು ಶಿಫ್ಟ್ ಬಿಟ್ಟ ಮೇಲೆ ಮೆಜೆಸ್ಟಿಕ್‌ಗೆ ಬನ್ನಿ, ನಾನೂ ಬರುತ್ತೇನೆ. ಹೋದ ಸಲದಂತೆ ಕಬ್ಬಿನ ಹಾಲಿನ ಅಂಗಡಿಯ ಹತ್ತಿರ. ನಿಮಗೆ ಭಾನುವಾರ ರಜೆ, ನಮಗೆ ಕರೆಂಟು ಹಂಚುವ ಲೆಕ್ಕದಲ್ಲಿ ಗುರುವಾರ. ಈ ಊರಿನಲ್ಲಿ ನಮ್ಮಿಬ್ಬರಿಗೂ ಸೇರಿದ ಜಾಗ ಎಂದರೆ ಆ ಅಂಗಡಿಯ ಮುಂದಿನ ಕಂಬ ಒಂದೇ.

ಹೇಳುವುದು ಮರೆತೆ. ಹೋದ ವಾರದಿಂದ ನನ್ನನ್ನು ಹೆಲ್ಪರ್ ಕೆಲಸದಿಂದ ತೆಗೆದು ಕಾಲರ್ ಮಿಷಿನ್ ಮೇಲೆ ಕೂರಿಸಿದ್ದಾರೆ. ಕಾಲರಿನ ಮೂಲೆ ಚೂಪಾಗಿ ಬರುವಂತೆ ಹೊಲಿಯುವುದು ಎಲ್ಲರಿಗೂ ಬರುವುದಿಲ್ಲವಂತೆ. ಸೂಪರ್‌ವೈಸರ್ ಇನ್ನೊಂದು ಬಂಡಲ್ ತಂದು ನನ್ನ ಮುಂದೆಯೇ ಇಟ್ಟರು.

ಚಂದಾಪುರದ ವಿಷಯ ಓದಿದೆ.

ನಿಮ್ಮ,
ವೇಣಿ


ಹೆಬ್ಬಗೋಡಿ
23 ಜುಲೈ 1995, ಭಾನುವಾರ

ವೇಣಿ,

ಅವತ್ತು ಮೆಜೆಸ್ಟಿಕ್‌ನಲ್ಲಿ ನೀನು ನನ್ನ ಕಾರ್ಡನ್ನು ಕುಪ್ಪಸದೊಳಗೆ ಇಟ್ಟುಕೊಂಡೆ, ನಾನು ನಿನ್ನದನ್ನು ಟಿಫಿನ್ ಬಾಕ್ಸಿನ ಮೇಲಿಟ್ಟು ಚೀಲ ಕಟ್ಟಿದೆ. ಬಸ್ಸು ಬಂತೆಂದು ನೀನು ಓಡಿದೆ. ಏನೋ ಹೇಳಬೇಕೆಂದಿದ್ದೆ, ಮರೆತೇಹೋಯಿತು.

ಶ್ಯಾಮಣ್ಣನವರು ನಿನ್ನ ಕಾರ್ಡು ನೋಡಿದರು. ನಿಮ್ಮ ಮೇಡಂ ಹೇಳಿದ್ದೇ ಸರಿ ಎನ್ನುವ ಹಾಗೆ ಕಾಣುತ್ತದೆ. ಹೆರಿಗೆ ರಜೆಯ ಸಂಬಳ ನಿನ್ನ ಇ.ಎಸ್.ಐ. ಕಡೆಯಿಂದ, ಆಸ್ಪತ್ರೆಯ ಬಿಲ್ಲು ನಮ್ಮ ಕಂಪನಿಯ ಕಡೆಯಿಂದ. ಒಂದೇ ಖರ್ಚನ್ನು ಎರಡು ಕಡೆ ಕೇಳಿದರೆ ತಪ್ಪು, ಬೇರೆ ಬೇರೆಯದನ್ನು ಕೇಳಿದರೆ ತಪ್ಪಲ್ಲವಂತೆ. ಮೇಲಿನವರ ಸಹಿ ಆಗಬೇಕು, ಅಲ್ಲಿಯವರೆಗೆ ನಿನ್ನ ಕಾರ್ಡು ನನ್ನ ಹತ್ತಿರ ಇರಲಿ ಎಂದರು. ನನ್ನ ಟ್ರಂಕಿನಲ್ಲಿದೆ.

ಆದರೆ ಆ ನರ್ಸಿಂಗ್ ಹೋಮ್ ಈ ಕಡೆ ಇದೆ. ಕೊನೆಯ ಮೂರು ತಿಂಗಳು ನೀನು ಇಲ್ಲಿರಲೇಬೇಕು. ಒಂದು ಸಲ ಬಂದರೆ ಮತ್ತೆ ಹೋಗಬೇಕೇ? ಕಾಲರ್ ಮಿಷಿನ್ ವಿಷಯ ಓದಿ ಸಂತೋಷವಾಯಿತು. ಚಂದಾಪುರಕ್ಕೆ ನೀನು ಉತ್ತರ ಬರೆಯಲಿಲ್ಲ.

ಈ ತಿಂಗಳು ಭಾನುವಾರವೂ ಓವರ್‌ಟೈಮ್ ಇದೆ. ಬರಲು ಆಗದು.

ಇತಿ,
ರುದ್ರೇಶ್


ಪೀಣ್ಯ
10 ಆಗಸ್ಟ್ 1995, ಗುರುವಾರ

ಇವರಿಗೆ,

ನಿಮ್ಮ ಕಾಗದಕ್ಕೆ ಉತ್ತರ ಬರೆಯುವುದು ತಡವಾಯಿತು. ಕೂತರೆ ಏನು ಬರೆಯಬೇಕೆಂದು ತೋಚುವುದಿಲ್ಲ. ಕೆಲಸ ಬಿಡುವುದಕ್ಕೆ ನನಗೆ ಇಷ್ಟವಿಲ್ಲ ಎಂದಲ್ಲ. ಬಿಟ್ಟರೆ ನನ್ನ ಕಾರ್ಡೂ ಹೋಗುತ್ತದೆ. ಆಮೇಲೆ ಏನೇ ಆದರೂ ನಿಮ್ಮ ಕಾರ್ಡಿನಲ್ಲಿ ಎರಡನೇ ಸಾಲಿನಲ್ಲಿರುವವಳು ಅಷ್ಟೆ. ನನ್ನ ಅಮ್ಮ ಜೀವಮಾನವೆಲ್ಲ ಎರಡನೇ ಸಾಲಿನಲ್ಲಿದ್ದಳು. ಇದನ್ನು ಹೇಗೆ ಹೇಳಬೇಕೋ ನನಗೆ ತಿಳಿಯದು, ತಪ್ಪು ತಿಳಿಯಬೇಡಿ.

ಮೊನ್ನೆ ಮಿಷಿನ್ ಮೇಲೆ ಕೂತಾಗ ಹೊಟ್ಟೆಯೊಳಗೆ ಸಣ್ಣ ಮೀನು ತಿರುಗಿದ ಹಾಗಾಯಿತು. ಪಕ್ಕದವಳಿಗೆ ಹೇಳಲಿಲ್ಲ. ನಿಮಗೇ ಮೊದಲು ಹೇಳಬೇಕೆಂದು ಇವತ್ತಿನವರೆಗೆ ಇಟ್ಟುಕೊಂಡಿದ್ದೆ.

ಡಿಸ್ಪೆನ್ಸರಿಗೆ ಈ ತಿಂಗಳು ಹೋಗಲಿಲ್ಲ. ಕಾರ್ಡು ನಿಮ್ಮ ಹತ್ತಿರ ಇದೆಯಲ್ಲ. ಬಂದಾಗ ತನ್ನಿ, ಅವಸರವಿಲ್ಲ.

ವೇಣಿ


ಹೆಬ್ಬಗೋಡಿ
3 ಸೆಪ್ಟೆಂಬರ್ 1995, ಭಾನುವಾರ

ವೇಣಿ,

ಆಸ್ಪತ್ರೆಯಿಂದ ರೂಮಿಗೆ ಬಂದೆಯಂತೆ. ಲಕ್ಷ್ಮವ್ವ ಫೋನ್ ಮಾಡಿ ತಿಳಿಸಿದಳು.

ಮಗು ಹೋಯಿತು ಎಂದು ಇಲ್ಲಿ ಯಾರಿಗೂ ಹೇಳಲಿಲ್ಲ. ಶ್ಯಾಮಣ್ಣನವರಿಗೆ ಮಾತ್ರ ಹೇಳಿದೆ, ಅವರು ಕೇಳಿದ್ದರಿಂದ. ಸಹಿಯಾಗಿ ಬಂದಿದೆಯಪ್ಪಾ, ಎಲ್ಲ ಸರಿಹೋಯಿತು ಎಂದು ಅವರೇ ಕರೆದು ಹೇಳಿದರು. ಆಮೇಲೆ ನನ್ನ ಮುಖ ನೋಡಿ ಕುರ್ಚಿ ಎಳೆದು ಕೂರಿಸಿದರು.

ಹೋದ ವಾರ ವಾರ್ಡಿನಲ್ಲಿ ನೀನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ನಾನು ಬಂದಿದ್ದು ಗೊತ್ತಿತ್ತೇ? ಸ್ಟೂಲಿನ ಮೇಲೆ ಕೂತಿದ್ದೆ. ಬೆಲ್ ಹೊಡೆದರು, ಎದ್ದು ಬಂದೆ. ಮೂಸಂಬಿ ತಿಂದೆಯಾ?

ಒಂದು ಮಾತು. ಅಷ್ಟು ನೋವಿದ್ದರೆ ಯಾಕೆ ಹೇಳಿ ಕಳಿಸಲಿಲ್ಲ?

ಇತಿ,
ರುದ್ರೇಶ್


ಹೆಬ್ಬಗೋಡಿ
24 ಸೆಪ್ಟೆಂಬರ್ 1995, ಭಾನುವಾರ

ವೇಣಿ,

ನಿನ್ನಿಂದ ಕಾಗದವಿಲ್ಲ. ಹೋದ ಸಲ ಕೊನೆಯಲ್ಲಿ ಬರೆದ ಸಾಲನ್ನು ಬರೆಯಬಾರದಿತ್ತು. ಅದನ್ನು ಹೊಡೆದು ಹಾಕು.

ರುದ್ರೇಶ್


ಪೀಣ್ಯ
26 ಅಕ್ಟೋಬರ್ 1995, ಗುರುವಾರ

ಇವರಿಗೆ,

ಆ ಸಾಲನ್ನು ಹೊಡೆದು ಹಾಕಲಿಲ್ಲ. ನೀವು ಕೇಳಬೇಕಾದ ಮಾತೇ ಅದು.

ಮೊನ್ನೆ ಮಂಗಳವಾರ ಗ್ರಹಣವಾಯಿತಲ್ಲ. ಬೆಳಿಗ್ಗೆ ಹೊರಗೆ ಬೆಳಕು ಒಂಥರಾ ಮಂಕಾಗಿತ್ತು. ಮನೆ ಓನರ್ ಹೆಂಡತಿ ರಾಮಕ್ಕ ಸಾಲಿನ ಪ್ರತಿಯೊಂದು ರೂಮಿನ ಬಾಗಿಲಿಗೂ ಬಂದು, ಬಸುರಿಯರು ಹೊರಗೆ ಬರಬೇಡಿ, ಕತ್ತರಿ ಮುಟ್ಟಬೇಡಿ ಎಂದು ಹೇಳಿಹೋದಳು. ನಮ್ಮ ಬಾಗಿಲಿಗೂ ಬಂದಳು. ನನ್ನನ್ನು ನೋಡಿ ಬಾಯಿ ತೆರೆದವಳು ಹಾಗೇ ಮುಂದೆ ಹೋದಳು. ನಾನು ಎದ್ದು ಹೊರಗೆ ಹೋಗಿ ಅಂಗಳದಲ್ಲಿ ನಿಂತೆ. ಯಾರೂ ಬೇಡ ಎನ್ನಲಿಲ್ಲ. ಅವತ್ತು ಅಳು ಬಂತು. ಅದಕ್ಕೆ ಮೊದಲು ಬಂದಿರಲಿಲ್ಲ.

ಆ ದಿನದ ವಿಷಯ ಹೇಳುತ್ತೇನೆ. ಬೆಳಿಗ್ಗೆಯೇ ನೋವು ಶುರುವಾಗಿತ್ತು, ಸ್ವಲ್ಪ ರಕ್ತವೂ ಕಂಡಿತು. ಡಿಸ್ಪೆನ್ಸರಿಗೆ ಹೋಗೋಣ ಎಂದು ಎದ್ದೆ. ನನ್ನ ಕಾರ್ಡು ಇರಲಿಲ್ಲ, ನಿಮ್ಮದು ಇತ್ತು. ನಿಮ್ಮ ಕಾರ್ಡು ಹೊಸೂರು ರಸ್ತೆಗೆ ಆಗುತ್ತದೆ, ನಮ್ಮ ಡಿಸ್ಪೆನ್ಸರಿಗೆ ಆಗುವುದಿಲ್ಲ. ಕಿಟಕಿಯ ಮುಂದೆ ಸಾಲು ನಿಂತಿರುತ್ತಾರೆ. ಕಾರ್ಡೆಲ್ಲಿ ಎಂದು ಕೇಳುತ್ತಾರೆ, ಗಂಡನ ಹತ್ತಿರ ಇದೆ ಎನ್ನಬೇಕು, ಗಂಡ ಎಲ್ಲಿ ಎನ್ನುತ್ತಾರೆ, ಹೆಸರೇನು ಎನ್ನುತ್ತಾರೆ. ಅಷ್ಟು ಜನರ ಮುಂದೆ ಅಷ್ಟು ಮಾತಿಗೆ ನಿಲ್ಲಬೇಕಲ್ಲ ಎಂದು ಮತ್ತೆ ಕೂತುಬಿಟ್ಟೆ. ಕೆಲಸಕ್ಕೆ ಹೊರಟಿದ್ದ ಲಕ್ಷ್ಮವ್ವನಿಗೆ, ನಿಮ್ಮ ಕಂಪನಿಗೆ ಫೋನ್ ಮಾಡಿ ಕಾರ್ಡು ತೆಗೆದುಕೊಂಡು ಬರಲು ಹೇಳು ಎಂದೆ. ಅಷ್ಟೇ ಹೇಳಿದೆ. ನೋವಿನ ವಿಷಯ ಹೇಳಲಿಲ್ಲ. ಗಂಡಸರು ತೆಗೆದುಕೊಳ್ಳುವ ಫೋನು, ಅದರಲ್ಲಿ ಅದನ್ನೆಲ್ಲ ಹೇಗೆ ಹೇಳಿಸುವುದು ಎನ್ನಿಸಿತು. ಅವಳಿಗೂ ಗೊತ್ತಾಗದಂತೆ ನಗುತ್ತಲೇ ಹೇಳಿದೆ.

ಆಮೇಲೆ ಚಾಪೆಯ ಮೇಲೆ ಮಲಗಿ ನಿಮ್ಮ ದಾರಿ ನೋಡಿದೆ. ಗಲ್ಲಿಯಲ್ಲಿ ಚಪ್ಪಲಿ ಸದ್ದಾದರೆ ನೀವೇ ಎಂದುಕೊಳ್ಳುತ್ತಿದ್ದೆ. ಹಿಂದಿನ ಶೆಡ್ಡಿನಲ್ಲಿ ಪ್ರೆಸ್ ಮಿಷಿನ್ ಹೊಡೆಯುತ್ತಲೇ ಇತ್ತು. ಮಧ್ಯಾಹ್ನದ ಮೇಲೆ ರಾಮಕ್ಕ ಯಾಕೋ ಬಂದು ನೋಡಿದಳು. ಬೈದುಕೊಂಡೇ ಆಟೋ ತಂದಳು.

ಆಸ್ಪತ್ರೆಯಲ್ಲಿ ಯಾರೂ ಕಾರ್ಡು ಕೇಳಲಿಲ್ಲ. ಸ್ಟ್ರೆಚರ್ ತಂದರು, ಮಲಗಿಸಿದರು, ಒಳಗೆ ಒಯ್ದರು. ಎಲ್ಲ ಮುಗಿದ ಮೇಲೆ ನಾನೇ ಡಾಕ್ಟರಮ್ಮನಿಗೆ, ಕಾರ್ಡು ಇವರು ತರುತ್ತಾರೆ ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, 'ಕಾರ್ಡಿಗೆ ಕಾಯ್ತಾ ಕೂತಿದ್ಯೇನಮ್ಮ? ಅದನ್ನ ನಾಳೆ ತಂದು ತೋರಿಸಿದ್ರೂ ಆಗ್ತಿತ್ತಲ್ಲ' ಎಂದರು. ಬೇಗ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದೆ. ಇಲ್ಲ ಎಂದೇ ಅನ್ನಿಸುತ್ತದೆ, ಆದರೆ ಆಣೆಯಿಟ್ಟು ಹೇಳಲಾರೆ ಎಂದರು.

ನೀವು ಸ್ಟೂಲಿನ ಮೇಲೆ ಕೂತಿದ್ದು ನನಗೆ ಗೊತ್ತಿತ್ತು. ನಿಮ್ಮ ಅಂಗಿಯ ಜೇಬಿನಲ್ಲಿ ನನ್ನ ಕಾರ್ಡಿತ್ತು, ಅದೂ ಕಂಡಿತು. ತಿರುಗಿದರೆ ಅದನ್ನೇ ನೋಡಬೇಕಾಗುತ್ತಿತ್ತು.

ಇದಕ್ಕೂ ಇ.ಎಸ್.ಐ.ನಲ್ಲಿ ಆರು ವಾರದ ರಜೆ, ಸಂಬಳ ಇದೆಯಂತೆ. ಹೇಮಲತಾ ಮೇಡಂ ತಾವೇ ರೂಮಿಗೆ ಬಂದು ಸಹಿ ಹಾಕಿಸಿಕೊಂಡು ಹೋದರು. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಈ ಸಾಲು ರೂಮುಗಳಲ್ಲಿ ಎಷ್ಟು ನಿಶ್ಶಬ್ದ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಲ್ಲಿಯಲ್ಲಿ ನೀರು ಬಂದರೆ ಯಾರೋ ಬಂದಂತಾಗುತ್ತಿತ್ತು. ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಕಾಲರ್ ಮಿಷಿನ್ ಬೇರೆಯವರಿಗೆ ಕೊಟ್ಟಿದ್ದಾರೆ.

ನೀವು ಬೇರೆ ಏನಾದರೂ ಯೋಚಿಸಿದ್ದರೆ ಬರೆಯಿರಿ. ನಾನು ಏನೂ ಅಂದುಕೊಳ್ಳುವುದಿಲ್ಲ.

ವೇಣಿ


ಹೆಬ್ಬಗೋಡಿ
5 ನವೆಂಬರ್ 1995, ಭಾನುವಾರ

ವೇಣಿ,

ಬೇರೆ ಏನು ಯೋಚಿಸುವುದು? ನಿನ್ನನ್ನು ಬಿಟ್ಟು ಯೋಚಿಸಲು ನನಗೆ ಯಾರಿದ್ದಾರೆ?

ನೀನು ಎಲ್ಲ ಹೇಳಿದೆ, ನಾನೂ ಹೇಳುತ್ತೇನೆ. ಅವತ್ತು ಗೇಟಿನ ಸೆಕ್ಯೂರಿಟಿಯವನು ಹತ್ತು ಗಂಟೆಗೇ ಚೀಟಿ ತಂದುಕೊಟ್ಟ. 'ಹೆಂಡತಿಗೆ ಕಾರ್ಡು ಬೇಕಂತೆ' ಎಂದು ಬರೆದಿತ್ತು. ನಿಮ್ಮ ಟೈಂ ಆಫೀಸಿನವರು ಕೇಳಿರಬೇಕು ಎಂದುಕೊಂಡೆ. ಶಿಫ್ಟ್ ಮುಗಿಸಿದೆ. ಕ್ಯಾಂಟೀನಿನಲ್ಲಿ ಕಾಫಿಯನ್ನೂ ಕುಡಿದೆ, ವೇಣಿ. ಆಮೇಲೆ ರೂಮಿಗೆ ಹೋಗಿ ಟ್ರಂಕಿನಿಂದ ಕಾರ್ಡು ತೆಗೆದುಕೊಂಡು ಬಸ್ಸು ಹತ್ತಿದೆ. ನಿನ್ನ ರೂಮಿಗೆ ಬೀಗ ಇತ್ತು, ರಾಮಕ್ಕ ವಿಷಯ ಹೇಳಿದರು. ಆಸ್ಪತ್ರೆಗೆ ಬಂದು ಕಿಟಕಿಯಲ್ಲಿ ಕಾರ್ಡು ಚಾಚಿದೆ. ಅವರು ಅದನ್ನು ನೋಡದೆ, ಮೊದಲು ಮೇಲೆ ಹೋಗಿ ಹೆಂಡತಿಯನ್ನು ನೋಡಿ ಬನ್ನಿ ಎಂದರು. ಆ ಕಾಫಿಯ ವಿಷಯವನ್ನು ನಿನಗೆ ಹೇಗೆ ಹೇಳುವುದು ಎಂದೇ ಇಷ್ಟು ದಿನ ಸುಮ್ಮನಿದ್ದೆ. ಅದನ್ನು ಬಿಟ್ಟು, ನೀನು ಯಾಕೆ ಹೇಳಲಿಲ್ಲ ಎಂದು ನಿನ್ನನ್ನು ಕೇಳಿದೆ.

ಚಂದಾಪುರ ಬೇಡ. ಪೀಣ್ಯಕ್ಕೆ ನಾನು ಬಂದರೆ ನನ್ನ ಕೆಲಸ ಹೋಗುತ್ತದೆ, ಇಲ್ಲಿಗೆ ನೀನು ಬಂದರೆ ನಿನ್ನದು. ಶ್ರೀರಾಮಪುರದಲ್ಲಿ ಒಂದು ರೂಮು ನೋಡಿದ್ದೇನೆ. ಮೆಜೆಸ್ಟಿಕ್‌ಗೆ ನಡೆದೇ ಹೋಗಬಹುದು. ನಿನಗೂ ಬಸ್ಸು, ನನಗೂ ಬಸ್ಸು. ಮೇಲೆ ಶೀಟು, ಒಂದೇ ಕಿಟಕಿ, ಕೆಳಗೆ ಹಿಟ್ಟಿನ ಗಿರಣಿ. ಶ್ಯಾಮಣ್ಣನವರಿಗೆ ಹೇಳಿದೆ. ಎರಡು ಕಾರ್ಡಿಗೂ ಒಂದೇ ವಿಳಾಸ ಬರೆಸಿಕೊಳ್ಳಪ್ಪಾ, ಇಬ್ಬರೂ ಅವರವರ ಕಾರ್ಡನ್ನ ಅವರವರೇ ಇಟ್ಟುಕೊಳ್ಳಿ ಎಂದರು.

ನೀನು ಒಪ್ಪಿದರೆ ಮುಂಗಡ ಕೊಡುತ್ತೇನೆ. ನೀನು ನೋಡದೆ ಕೊಡುವುದಿಲ್ಲ.

ರುದ್ರೇಶ್


ಶ್ರೀರಾಮಪುರ
14 ಡಿಸೆಂಬರ್ 1995, ಗುರುವಾರ

ರುದ್ರೇಶ್ ಅವರಿಗೆ,

ಈ ಕಾಗದಕ್ಕೆ ಸ್ಟಾಂಪು ಬೇಡ. ಉಪ್ಪಿನ ಡಬ್ಬದ ಕೆಳಗೆ ಇಟ್ಟಿರುತ್ತೇನೆ. ನಿಮಗೆ ಈ ವಾರ ಸೆಕೆಂಡ್ ಶಿಫ್ಟ್. ನೀವು ಬಂದಾಗ ನಾನು ಮಲಗಿರುತ್ತೇನೆ, ನಾನು ಹೊರಟಾಗ ನೀವು ಮಲಗಿರುತ್ತೀರಿ. ಒಂದೇ ಮನೆಗೆ ಬಂದ ಮೇಲೂ ನಿಮ್ಮ ಗುರುತು ಎಂದರೆ ತೊಳೆದು ಬೋರಲು ಹಾಕಿದ ತಟ್ಟೆ, ನೆನೆದ ಟವೆಲ್ಲು. ಇವತ್ತು ನನಗೆ ರಜೆ, ನಿಮಗಿಲ್ಲ. ಭಾನುವಾರ ನೀವು ಹೀಗೇ ಕೂತಿರುತ್ತೀರಿ. ಕೆಳಗೆ ಗಿರಣಿ ಓಡುವಾಗ ಡಬ್ಬಗಳು ಸಣ್ಣಗೆ ಅಲುಗುತ್ತವೆ. ನನಗೆ ಅದು ಇಷ್ಟವಾಗುತ್ತದೆ. ಮನೆಯಲ್ಲಿ ಇನ್ನೊಬ್ಬರು ಇದ್ದಂತೆ.

ಬಾಯಲ್ಲಿ ಹೇಳಬಹುದಾದದ್ದನ್ನು ಯಾಕೆ ಬರೆಯುತ್ತೀಯ ಎಂದು ನೀವು ಕೇಳಬಹುದು. ಬರೆಯುವಾಗ ಒತ್ತಕ್ಷರ ತಪ್ಪುತ್ತದೆ, ಬಾಯಿಗೆ ಬಂದರೆ ಮಾತೇ ತಪ್ಪಿಹೋಗುತ್ತದೆ. ಕಾಫಿಯ ವಿಷಯ ನೀವು ಬರೆದಿರಲ್ಲ. ಅದನ್ನು ಓದಿದ ದಿನ ನನಗೆ ಕೋಪ ಬಂತು. ಆಮೇಲೆ, ಚೀಟಿಯಲ್ಲಿ ಅಷ್ಟೇ ಬರೆಸಿದವಳು ನಾನಲ್ಲವೇ ಎನ್ನಿಸಿತು. ಈಗ ಎರಡೂ ಇದೆ, ಕೋಪವೂ ಇದೂ. ಒಂದರ ಜೊತೆ ಒಂದು ಇರಲಿ ಬಿಡಿ.

ಇವತ್ತು ಬೆಳಿಗ್ಗೆ ನೀವು ಮಲಗಿದ್ದಾಗ ಒಂದು ಕೆಲಸ ಮಾಡಿದೆ. ನನ್ನ ಕಾರ್ಡನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು, ಈ ಕಡೆಯ ಹೊಸ ಡಿಸ್ಪೆನ್ಸರಿ ಎಲ್ಲಿದೆ ಎಂದು ದಾರಿಯಲ್ಲಿ ಇಬ್ಬರನ್ನು ಕೇಳಿಕೊಂಡು ಹೋದೆ. ನನಗೇನೂ ಆಗಿಲ್ಲ, ಗಾಬರಿಯಾಗಬೇಡಿ. ಸಾಲಿನಲ್ಲಿ ನಿಂತೆ. ಹಿಂದೆ ತುಂಬ ಜನ ಇದ್ದರು. ಕಿಟಕಿಯಲ್ಲಿದ್ದವರು ಕಾರ್ಡು ಎಂದರು. ತಂದಿಲ್ಲ, ಅವಸರಕ್ಕೆ ಕಾರ್ಡಿಲ್ಲದೆ ಬಂದರೆ ನೋಡುತ್ತೀರಾ ಎಂದು ಕೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, ನೋಡದೆ ಏನಮ್ಮಾ, ಈಗ ಹೆಸರು ಹೇಳಿ ಹೋಗಿ ಎಂದು ಪುಸ್ತಕ ತೆಗೆದರು. ವೇಣಿ ಎಂದೆ. ಗಂಡನ ಹೆಸರು ಎಂದರು.

ಒಂದೇ ಸಲಕ್ಕೆ ಹೇಳಿದೆ. ಹಿಂದಿನವರಿಗೂ ಕೇಳಿಸಿರಬೇಕು.

ವೇಣಿ